ಕಾಮನ್ ಮೋಡ್ ಚೋಕ್ ಕೊಳ್ಳುವವರು ಚೀಟಿಯ ಅಂಕಿಯನ್ನಷ್ಟೇ ನಂಬಬೇಡಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳ ಹನಿ ನೀರಾವರಿಗೆ ನಾವು ತಯಾರಿಸಿಕೊಡುವ ನಿಯಂತ್ರಕಗಳಲ್ಲಿ ಕಳೆದ ಬೇಸಿಗೆಯಲ್ಲಿ ಹೊಸ ತೊಂದರೆಯೊಂದು ಕಾಣಿಸಿಕೊಂಡಿತು. ಮಣ್ಣಿನ ತೇವ ಅಳೆಯುವ ಸೆನ್ಸರ್‌ನ ಅಂಕಿ ಕಾರಣವಿಲ್ಲದೆ ಏರಿಳಿಯುತ್ತಿತ್ತು. ನಿಯಂತ್ರಕವನ್ನು ಚಾಲೂ ಮಾಡಿದೊಡನೆ ತೋಟದ ಮನೆಯ ಮಧ್ಯಮ ತರಂಗದ ರೇಡಿಯೊದಲ್ಲಿ ಗೊರಗೊರ ಸದ್ದು ತುಂಬಿಕೊಳ್ಳುತ್ತಿತ್ತು. ಅದೇ ವಿನ್ಯಾಸದ ಹಳೆಯ ಫಲಕಗಳಲ್ಲಿ (ಸರ್ಕ್ಯೂಟ್ ಬೋರ್ಡ್‌ಗಳಲ್ಲಿ) ಇಂಥ ದೂರು ಬಂದದ್ದಿಲ್ಲ. ಬದಲಾಗಿದ್ದುದು ಎಸ್‌ಎಂಪಿಎಸ್‌ನ (ವೇಗವಾಗಿ ಸ್ವಿಚ್ ಮಾಡುತ್ತ ಫಲಕಕ್ಕೆ ವಿದ್ಯುತ್ ಒದಗಿಸುವ ಭಾಗದ) ಒಳಬರುವ ತಂತಿಗಳಿಗೆ ಹಾಕಿದ ಕಾಮನ್ ಮೋಡ್ ಚೋಕ್ ಮಾತ್ರ. ಒಂದೇ ಉಂಗುರಕ್ಕೆ ಎರಡು ಸುರುಳಿ ಸುತ್ತಿದ ಈ ಬಿಡಿಭಾಗ ತಂತಿಗಳ ಮೂಲಕ ಹರಡುವ ವಿದ್ಯುತ್ ಗದ್ದಲವನ್ನು ತಡೆಯುತ್ತದೆ. ವ್ಯಾಪಾರಿಯೊಬ್ಬರು ಕಳಿಸಿದ ಆ ಸರಕಿನ ಚೀಟಿಯಲ್ಲಿ 10 ಮಿಲಿಹೆನ್ರಿ, 2 ಆಂಪಿಯರ್ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಸುರುಳಿಯ ಗುಣ) ಅಳೆಯುವ ಎಲ್‌ಸಿಆರ್ ಮೀಟರ್ ತೋರಿಸಿದ್ದು ಸುಮಾರು 0.1 ಮಿಲಿಹೆನ್ರಿ. ಹಸಿರು ಲೇಪನ ಕೆರೆದರೆ ಒಳಗಿದ್ದುದು ಫೆರೈಟ್ (ಕಾಂತಗುಣದ ಸೆರಾಮಿಕ್) ಅಲ್ಲ, ಕಬ್ಬಿಣದ ಪುಡಿಯನ್ನು ಒತ್ತಿ ಮಾಡಿದ ಉಂಗುರ. ಈ ಕೆಲಸಕ್ಕೆ ಬಳಸುವ ಮ್ಯಾಂಗನೀಸ್-ಸತುವಿನ ಫೆರೈಟ್‌ಗೆ 5000ದಿಂದ 10000ದವರೆಗೆ ಪರ್ಮಿಯಬಿಲಿಟಿ (ಕಾಂತಕ್ಷೇತ್ರವನ್ನು ತನ್ನೊಳಗೆ ಸೆಳೆದುಕೊಳ್ಳುವ ಸಾಮರ್ಥ್ಯ) ಇರುತ್ತದೆ. ಕಬ್ಬಿಣದ ಪುಡಿಯ ಸಾಮಾನ್ಯ ಉಂಗುರಕ್ಕೆ 75ರ ಆಸುಪಾಸು. ಸುತ್ತುಗಳು ಅಷ್ಟೇ ಇದ್ದರೂ ಇಂಡಕ್ಟನ್ಸ್ ನೂರರಲ್ಲೊಂದು ಪಾಲಿಗೆ ಇಳಿಯುವುದು ಇದರಿಂದಲೇ.

ಇದರ ಪರಿಣಾಮ ಶೋಧನೆ ಕಡಿಮೆಯಾಗುವುದಕ್ಕಷ್ಟೇ ನಿಲ್ಲುವುದಿಲ್ಲ. ನಮ್ಮ ಫಲಕದಲ್ಲಿ 2.2 ನ್ಯಾನೊಫ್ಯಾರಡ್‌ನ ಎರಡು ವೈ ಕೆಪ್ಯಾಸಿಟರ್‌ಗಳಿವೆ (ತಂತಿಗೂ ಅರ್ತ್‌ಗೂ ನಡುವೆ ಹಾಕುವಂಥವು). ಅರ್ತ್‌ಗೆ ಸೋರುವ ಕರೆಂಟಿನ ಮಿತಿಯಿಂದಾಗಿ ಅವನ್ನು ಮನಬಂದಂತೆ ಹಿಗ್ಗಿಸಲಾಗದು, ಆದ್ದರಿಂದ ಭಾರವೆಲ್ಲ ಚೋಕ್‌ನ ಮೇಲೆಯೇ ಬೀಳುತ್ತದೆ. 10 ಮಿಲಿಹೆನ್ರಿ ನಿಜವಾಗಿದ್ದರೆ ಚೋಕ್ ಮತ್ತು ಈ ಕೆಪ್ಯಾಸಿಟರ್‌ಗಳ ಅನುರಣನ (ಇವು ಕೂಡಿ ಅತಿ ಹೆಚ್ಚು ಕಂಪಿಸುವ ಆವರ್ತನ) 24 ಕಿಲೋಹರ್ಟ್ಜ್ ಸುಮಾರಿಗೆ, ಅಂದರೆ 65 ಕಿಲೋಹರ್ಟ್ಜ್‌ನ ನಮ್ಮ ಸ್ವಿಚಿಂಗ್‌ಗಿಂತ ಬಹಳ ಕೆಳಗೆ ಬರುತ್ತದೆ. 0.1 ಆದಾಗ ಅದು 240 ಕಿಲೋಹರ್ಟ್ಜ್‌ಗೆ ಏರಿ, ಸ್ವಿಚಿಂಗ್‌ನ ಮೂರನೆಯ ಮತ್ತು ನಾಲ್ಕನೆಯ ಹಾರ್ಮೋನಿಕ್‌ಗಳ (ಮೂರು ಪಟ್ಟು, ನಾಲ್ಕು ಪಟ್ಟು ಆವರ್ತನಗಳ) ನಡುವೆಯೇ ಕುಳಿತು, ತಡೆಯಬೇಕಾದ ಗದ್ದಲವನ್ನು ಬಲಪಡಿಸುತ್ತದೆ. ತಂತಿಯ ಮೂಲಕ ಹರಿಯುವ ಗದ್ದಲದ ಮಿತಿಗಳು 150 ಕಿಲೋಹರ್ಟ್ಜ್‌ನಿಂದ ಶುರುವಾಗುವುದನ್ನು ನೆನೆದರೆ, ಇಂಥ ಚೋಕ್ ಹಾಕಿದ ಉಪಕರಣ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಮಾತೇ ಇಲ್ಲ.

ಆಂಪಿಯರ್ ಅಂಕಿಯನ್ನೂ ಪ್ರಶ್ನಿಸಬೇಕು. ಸುರುಳಿಯೊಂದಕ್ಕೆ 0.15 ಓಮ್ ಇದ್ದರೆ 2 ಆಂಪಿಯರ್‌ಗೆ ಎರಡೂ ಸೇರಿ 1.2 ವ್ಯಾಟ್ ಬಿಸಿಯಾಗುತ್ತವೆ. ಬೇಸಿಗೆಯಲ್ಲಿ ಪಂಪುಗಳೆಲ್ಲ ಓಡುವ ಹೊತ್ತಿಗೆ ಲೈನಿನ ತುದಿಯ ತೋಟಗಳಲ್ಲಿ ವೋಲ್ಟೇಜ್ 180ಕ್ಕೆ ಕುಸಿದರೆ, ಅಷ್ಟೇ ಶಕ್ತಿ ಬೇಡುವ ಎಸ್‌ಎಂಪಿಎಸ್ ಹೆಚ್ಚು ಕರೆಂಟು ಎಳೆಯುತ್ತದೆ, ಚೋಕ್‌ನ ಬಿಸಿ 1.6 ಪಟ್ಟಾಗುತ್ತದೆ.

ಬೆಸುಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡೂ ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿ ಅಳೆಯಿರಿ: ಒಂದು ದಿಕ್ಕಿನಲ್ಲಿ ಒಂಟಿ ಸುರುಳಿಯ ನಾಲ್ಕು ಪಟ್ಟು ಬರಬೇಕು, ಒಂದರ ತುದಿಗಳನ್ನು ತಿರುಗಿಸಿದಾಗ ಹೆಚ್ಚುಕಡಿಮೆ ಏನೂ ಉಳಿಯಬಾರದು. ಲೋಡ್ ಕರೆಂಟು ಈ ಎರಡನೆಯ ರೀತಿಯಲ್ಲೇ ಹರಿಯಬೇಕು. ತಿರುವುಮುರುವಾದರೆ ಕೋರ್ (ಒಳಗಿನ ಉಂಗುರ) ಸ್ಯಾಚುರೇಟ್ ಆಗಿ, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದೆ, ಚೋಕ್ ನಿರುಪಯುಕ್ತವಾಗುತ್ತದೆ. ಮಾರುವವರಿಂದ, ಯಾವ ಆವರ್ತನದಲ್ಲಿ ಎಷ್ಟು ತಡೆ ಸಿಗುತ್ತದೆಂದು ತೋರಿಸುವ ಇಂಪೀಡೆನ್ಸ್-ಆವರ್ತನದ ನಕ್ಷೆಯನ್ನು ಕೇಳಿ ಪಡೆಯಿರಿ, ಏಕೆಂದರೆ ಸುತ್ತು ಹೆಚ್ಚಿಸಿ ಮಿಲಿಹೆನ್ರಿ ಏರಿಸಿದ ಚೋಕ್ ಮೇಲಿನ ಆವರ್ತನಗಳಲ್ಲಿ ಕೆಪ್ಯಾಸಿಟರ್‌ನಂತೆ ವರ್ತಿಸುತ್ತದೆ.

ಆ ವ್ಯಾಪಾರಿ ನಕ್ಷೆಯನ್ನೂ ಕೊಟ್ಟಿಲ್ಲ, ಹಣವನ್ನೂ ಮರಳಿಸಿಲ್ಲ. ಅವರ ಚೋಕ್‌ಗಳಲ್ಲಿ ಲೈನ್ ಮತ್ತು ನ್ಯೂಟ್ರಲ್ ಸುರುಳಿಗಳನ್ನು ಬೇರ್ಪಡಿಸುವ ತಡೆಯೂ ಇಲ್ಲ. 325 ವೋಲ್ಟ್ ಶಿಖರದ ಎದುರು ಇರುವುದು ತಂತಿಯ ಎನಾಮೆಲ್ ಒಂದೇ. ಹಸಿರು ಲೇಪನದ, ತಯಾರಕರ ಹೆಸರಿಲ್ಲದ ಅಂಥ ಚೋಕ್ ಯಾರ ಫಲಕದಲ್ಲಾದರೂ ಇದ್ದರೆ ಮಳೆಗಾಲದ ತೇವ ಹಿಡಿಯುವ ಮೊದಲೇ ತೆಗೆದುಹಾಕಿ.