ಕೇಶಿರಾಜನೋ, ಭಟ್ಟಾಕಳಂಕನೋ?

ಪುಣೆಯ ಕನ್ನಡ ಗೆಳೆಯರ ಓದುಕೂಟದಲ್ಲಿ ಹಳೆಯ ಕನ್ನಡ ವ್ಯಾಕರಣ ಓದಲು ಹೊರಟವರು ಕೇಳುವ ಮೊದಲ ಪ್ರಶ್ನೆ ಇದು: ಈ ಇಬ್ಬರು ವ್ಯಾಕರಣಕಾರರಲ್ಲಿ ಯಾರನ್ನು ಓದಬೇಕು? ನನ್ನ ಮತ ಕೇಶಿರಾಜನಿಗೆ.

ಆತನ 13ನೆಯ ಶತಮಾನದ ವ್ಯಾಕರಣ 'ಶಬ್ದಮಣಿದರ್ಪಣ' ಕನ್ನಡದಲ್ಲೇ, ಕಂದಪದ್ಯಗಳಲ್ಲಿ ಇದೆ. ಉದಾಹರಣೆಗಳು ಕವಿಗಳಿಂದ ಎತ್ತಿದವು. ಸಂಸ್ಕೃತದ ಶಬ್ದಗಳು ಕನ್ನಡದಲ್ಲಿ ರೂಪ ಬದಲಿಸುವ ಬಗೆಯನ್ನು ಹೇಳುವ ಅಪಭ್ರಂಶ ಪ್ರಕರಣವನ್ನು ಮರಾಠಿಯ ನಡುವೆ ಬದುಕುವ ನಾವು ಬಿಡಲೇಬಾರದು. ಯಾತ್ರಾ ಎಂಬುದು ನಮ್ಮಲ್ಲಿ ಜಾತ್ರೆಯಾಯಿತು. ಪಕ್ಕದ ಮನೆಯ ಆಜಿಯ ಬಾಯಲ್ಲಿ ಜತ್ರಾ. ಶಯ್ಯೆ ಸಜ್ಜೆಯಾದದ್ದು, ವಿದ್ಯೆ ಬಿಜ್ಜೆಯಾದದ್ದು ಎಲ್ಲಕ್ಕೂ ಒಂದು ಲೆಕ್ಕವಿದೆ ಎಂದು ತಿಳಿದ ದಿನ ನಾನು ತರಕಾರಿ ಕೊಳ್ಳುವುದನ್ನೂ ಮರೆತು ಮಂಡಿಯಲ್ಲಿ ನಿಂತಿದ್ದೆ. ಬಳಕೆಯಿಂದ ಜಾರುತ್ತಿದ್ದ ೞಕಾರದ (ಹಳಗನ್ನಡದ ಒಂದು ಅಕ್ಷರ) ಶಬ್ದಗಳನ್ನೂ ಕೇಶಿರಾಜ ಪಟ್ಟಿ ಮಾಡಿದ್ದಾನೆ. ಕಿಟೆಲ್ 1872ರಲ್ಲಿ ಮಂಗಳೂರಿನಿಂದ ಇದನ್ನು ಅಚ್ಚುಹಾಕಿಸಿದರು.

ಭಟ್ಟಾಕಳಂಕನ 1604ರ 'ಶಬ್ದಾನುಶಾಸನ' ಬೇರೆಯೇ ಜಾತಿಯದು. ಕನ್ನಡದ ವ್ಯಾಕರಣ, ಆದರೆ ಸಂಸ್ಕೃತದಲ್ಲಿ, 592 ಸೂತ್ರಗಳಲ್ಲಿ, ಪಾಣಿನಿಯ ಜಾಡಿನಲ್ಲಿ. ಕನ್ನಡ ಶಾಸ್ತ್ರಕ್ಕೆ ಒದಗದ ಭಾಷೆಯಲ್ಲ ಎಂದು ಭಟ್ಟಾಕಳಂಕ ವಾದಿಸುತ್ತಾನೆ, ಅದೂ ಸಂಸ್ಕೃತದಲ್ಲೇ! ವಾದ ಮುಟ್ಟಬೇಕಾದವರು ಓದುತ್ತಿದ್ದದ್ದು ಸಂಸ್ಕೃತವನ್ನೇ ತಾನೆ. ಪಾಣಿನಿಯ ವ್ಯಾಕರಣವಾದ ಅಷ್ಟಾಧ್ಯಾಯಿಯ ರುಚಿ ಹತ್ತಿದವರಿಗೆ, ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದುತ್ತಿರುವವರಿಗೆ ಇದು ಹಬ್ಬದೂಟ. ಸಂಸ್ಕೃತ ಬಾರದವರು ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.

ವಾರಕ್ಕೆ ಒಂದೇ ಸಂಜೆ ಬಿಡುವಿದ್ದರೆ ಕೇಶಿರಾಜನ ಸಂಧಿ ಪ್ರಕರಣವನ್ನು ಹಾರಿಸಿ ನೇರ ಅಪಭ್ರಂಶಕ್ಕೆ ಹೋಗಿ. ಪಂಡಿತರು ಬೈದರೆ ನನ್ನ ಹೆಸರು ಹೇಳಿ.