ಗ್ರಿಲ್ ಅಂಗಡಿ, ಐಟಿಐ, ಟಿಗ್ ಕೋರ್ಸ್: ಮೂರೂ ಕಡೆ ವೆಲ್ಡಿಂಗ್ ಕಲಿತವನ ಲೆಕ್ಕ

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪಂದಿರು, ನನ್ನನ್ನು ಕೇಳೋದು ಒಂದೇ: "ವೆಲ್ಡಿಂಗ್ ಕಲಿಯೋಕೆ ಐಟಿಐಗೆ ಹಾಕಬೇಕಾ, ಇಲ್ಲ ಯಾವುದಾದ್ರೂ ಅಂಗಡಿಗೆ ಬಿಟ್ರೆ ಸಾಕಾ?" ನಾನು ಮೊದಲು ಗೇಟ್-ಗ್ರಿಲ್ ಅಂಗಡಿಯಲ್ಲಿ ಹೆಲ್ಪರ್ ಆಗಿದ್ದೆ. ಆಮೇಲೆ ಸರ್ಕಾರಿ ಐಟಿಐಯಲ್ಲಿ 1 ವರ್ಷದ ವೆಲ್ಡರ್ ಟ್ರೇಡ್ ಮಾಡಿದೆ. ಕೊನೆಗೆ ಸ್ವಂತ ದುಡ್ಡು ಹಾಕಿ ಖಾಸಗಿ ಸೆಂಟರ್‌ನಲ್ಲಿ ಟಿಗ್ (ಟಂಗ್‌ಸ್ಟನ್ ತುದಿಯಿಂದ ಆರ್ಕ್ ಹೊಡೆದು, ಆರ್ಗಾನ್‌ನಂಥ ಗ್ಯಾಸ್ ಹಾಯಿಸಿ ಮಾಡುವ ವೆಲ್ಡಿಂಗ್) ಕಲಿತೆ. ನನ್ನ ಓಟು ಐಟಿಐಗೆ. ಆದರೆ ಸರ್ಟಿಫಿಕೇಟ್ ಒಂದಕ್ಕೇ ಅಲ್ಲ.

ಕೈ ಕೂರೋದು ಮಾತ್ರ ಅಂಗಡಿಯಲ್ಲೇ. ಅದರಲ್ಲಿ ಎರಡು ಮಾತಿಲ್ಲ. ಗ್ರಿಲ್‌ಗೆ ಹಾಕುವ ಸ್ಕ್ವೇರ್ ಪೈಪ್ ತೆಳು. 12 ನಂಬರ್ ರಾಡ್ (ಕರಗಿ ಜಾಯಿಂಟ್ ತುಂಬುವ ವೆಲ್ಡಿಂಗ್ ಕಡ್ಡಿ) ಹಿಡಿದಾಗ ಕರೆಂಟ್ ಸ್ವಲ್ಪ ಜಾಸ್ತಿ ಆದರೆ ತೂತು, ಕಮ್ಮಿ ಆದರೆ ರಾಡ್ ಅಂಟಿಕೊಂಡು ನಿಲ್ಲುತ್ತದೆ. ದಿನವಿಡೀ ಅದನ್ನೇ ಮಾಡುವವನಿಗೆ ಶಬ್ದದಲ್ಲೇ ಕರೆಂಟ್ ಗೊತ್ತಾಗುತ್ತದೆ. ಬಿಸಿಗೆ ಕಬ್ಬಿಣ ಯಾವ ಕಡೆ ಎಳೆಯುತ್ತದೆ ಅನ್ನೋದೂ ಅಲ್ಲೇ ತಿಳಿಯೋದು. ಗೇಟಿನ ಫ್ರೇಮ್ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೂ ಟ್ಯಾಕ್ (ಹಿಡಿದು ನಿಲ್ಲಿಸೋಕೆ ಚುಕ್ಕಿಯಷ್ಟು ವೆಲ್ಡ್) ಹೊಡೆದು, ಟೇಪನ್ನು ಮೂಲೆಯಿಂದ ಮೂಲೆಗೆ ಕ್ರಾಸ್ ಹಿಡಿಯಬೇಕು. ಎರಡೂ ಅಳತೆ ಒಂದೇ ಬಂದರೆ ಸರಿ. ಇಲ್ಲದಿದ್ದರೆ ಅಳತೆ ಜಾಸ್ತಿ ಬಂದ ಮೂಲೆಗೆ ಸುತ್ತಿಗೆಯಿಂದ ಒಂದು ಏಟು, ಮತ್ತೆ ಟೇಪು. ಫುಲ್ ವೆಲ್ಡ್ ಹೊಡೆದ ಮೇಲೆ ಆ ಸೊಟ್ಟ ಅಲುಗಾಡಲ್ಲ. ಇದನ್ನು ನಮ್ಮ ಐಟಿಐಯಲ್ಲಿ ಬೋರ್ಡ್ ಮೇಲೆ ಬರೆಸಿದರು. ಅಂಗಡಿಯಲ್ಲಿ ಬೈಸಿಕೊಂಡು ಕಲಿತೆ. ಬೈಸಿಕೊಂಡಿದ್ದೇ ನೆನಪಿದೆ!

ಆದರೆ ಅಂಗಡಿಯಲ್ಲಿ ಕಲಿಯೋದು ಅಷ್ಟೇ. ಅದೇ ತೆಳು ಪೈಪು, ಅದೇ ರಾಡು. ಗ್ರೈಂಡರ್ ಹೊಡೆದು ರೆಡ್ ಆಕ್ಸೈಡ್ ಬಳಿದರೆ ಜಾಯಿಂಟ್ ಒಳಗೆ ಏನಿದೆ ಅಂತ ಕೇಳೋರೇ ಇಲ್ಲ. ಹೆಲ್ಪರ್‌ಗೆ ಶೀಲ್ಡ್ ಕೊಡೋದೂ ಇಲ್ಲ. ಮುಖ ಆಚೆ ತಿರುಗಿಸಿ ಜಾಬ್ ಹಿಡಿ ಅಂತಾರೆ. ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ, ನಿದ್ದೆಯಿಲ್ಲ. ಇದು ಕಸುಬು ಕಲಿಯುವ ಖರ್ಚು ಅಂತ ಮೇಸ್ತ್ರಿಗಳು ಸಲೀಸಾಗಿ ಹೇಳುತ್ತಾರೆ. ನಾನು ಒಪ್ಪಲ್ಲ.

ಐಟಿಐಯ ಮೊದಲ ದಿನಗಳು ಬೇಜಾರು. ಹ್ಯಾಕ್ಸಾ, ಅರ, ಮಾರ್ಕಿಂಗ್. ಆಮೇಲೆ ಗ್ಯಾಸ್: ಕಪ್ಪು ಸಿಲಿಂಡರ್ ಆಕ್ಸಿಜನ್, ಮರೂನ್ ಬಣ್ಣದ್ದು ಅಸಿಟಿಲಿನ್. ಅಸಿಟಿಲಿನ್‌ಗೆ ಎಡಗಡೆ ತಿರುಗುವ ಮರೆ (ಥ್ರೆಡ್), ಆಕ್ಸಿಜನ್‌ನ ರೆಗ್ಯುಲೇಟರ್ ಇದಕ್ಕೆ ಕೂರಲೇಬಾರದು ಅಂತ. ಅಂಗಡಿಯಲ್ಲಿ ರಾಡ್ ಅಂದರೆ ರಾಡ್, ಅಷ್ಟೇ. ಇಲ್ಲಿ ರಾಡಿನಲ್ಲೂ ಜಾತಿ ಇದೆ, 6013 ನಂಬರಿನದು ಬೇರೆ, 7018 ನಂಬರಿನದು ಬೇರೆ ಅಂತ ತಿಳಿಯಿತು. 7018 ತೇವ ಹೀರಿದರೆ ಜಾಯಿಂಟ್ ಬಿರುಕು ಬಿಡಬಹುದು, ಅದಕ್ಕೇ ಓವನ್‌ನಲ್ಲಿ ಸುಮಾರು 300 ಡಿಗ್ರಿಗೆ ಕಾಯಿಸಿ ಬಳಸಬೇಕು.

ನನ್ನ ಓಟು ಐಟಿಐ ಕಡೆ ವಾಲಿದ್ದು ಬೆಂಡ್ ಟೆಸ್ಟ್ ದಿನ. ನಮ್ಮ ಬ್ಯಾಚಿನಲ್ಲಿ ಇನ್ನೊಬ್ಬ ಅಂಗಡಿ ಹುಡುಗನಿದ್ದ. ಅವನ ಬೀಡ್ (ಮೇಲೆ ಕಾಣುವ ವೆಲ್ಡಿನ ಗೆರೆ) ಎಲ್ಲರಿಗಿಂತ ಚೆಂದ, ನಾಣ್ಯ ಸಾಲಾಗಿ ಜೋಡಿಸಿಟ್ಟ ಹಾಗೆ. ಜೆಟಿಒ (ನಮಗೆ ಕಲಿಸುವ ಕಿರಿಯ ತರಬೇತಿ ಅಧಿಕಾರಿ) ಸರ್ ಅವನು ವೆಲ್ಡ್ ಮಾಡಿದ ಪ್ಲೇಟಿನಿಂದ ಒಂದು ಪಟ್ಟಿ ಕತ್ತರಿಸಿ, ರೂಟ್ (ವೆಲ್ಡಿನ ತಳ) ಹೊರಗೆ ಬರುವ ಹಾಗೆ ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಬಗ್ಗಿಸಿದರು. ಅರ್ಧಕ್ಕೇ ಬಾಯಿ ಬಿಟ್ಟಿತು. ಒಳಗೆ ಉದ್ದಕ್ಕೂ ಸ್ಲ್ಯಾಗಿನ (ರಾಡಿನ ಲೇಪ ಕರಗಿ ಉಳಿಯುವ ಕಿಟ್ಟದ) ಕಪ್ಪು ಗೆರೆ. ಎರಡು ಪ್ಲೇಟಿನ ಮಧ್ಯೆ ಗ್ಯಾಪ್ ಬಿಟ್ಟಿರಲಿಲ್ಲ, ಕಬ್ಬಿಣ ಕೆಳಗಿನವರೆಗೆ ಕರಗಿರಲೇ ಇಲ್ಲ. ಮೇಲಿಂದ ನೋಡಿ ಯಾರೂ ಹೇಳೋಕಾಗುತ್ತಿರಲಿಲ್ಲ. ಅಂಗಡಿಯಲ್ಲಿ ಹತ್ತು ವರ್ಷ ಇದ್ದರೂ ಇದು ಕಣ್ಣಿಗೆ ಬೀಳದೆ ಹೋಗಬಹುದು.

ಐಟಿಐ ಸೋಲುವುದು ಕೈ ಪಳಗಿಸೋದರಲ್ಲಿ. ಬ್ಯಾಚಿಗೆ 20 ಜನ. ಮೆಷಿನ್‌ಗೆ ಪಾಳಿ. ನಾವಿದ್ದ ಕಡೆ ಒಂದು ಸಿಒ2 ಸೆಟ್ (ರಾಡಿನ ಬದಲು ತಂತಿ ಬರುವ ಗ್ಯಾಸ್ ವೆಲ್ಡಿಂಗ್ ಮೆಷಿನ್) ಕೆಟ್ಟು ನಿಂತಿತ್ತು, ಅದರ ಮೇಲೆ ಧೂಳು. ರಾಡ್ ಎಣಿಸಿ ಕೊಡುತ್ತಿದ್ದರು. ಹಾಗಾಗಿ ಪಾಸಾದವನನ್ನು ಸೀದಾ ಕೆಲಸಕ್ಕೆ ನಿಲ್ಲಿಸಿದರೆ ಕೈ ನಡುಗುತ್ತದೆ. ಇದಕ್ಕೆ ಮದ್ದು ಸುಲಭ: ಐಟಿಐ ಓದುವಾಗಲೇ ರಜೆಗಳಲ್ಲಿ ಅಂಗಡಿಗೆ ಹೋಗೋದು. ನನ್ನ ಹತ್ತಿರ ಕೇಳಿದವರಿಗೆಲ್ಲ ಹೇಳೋದು ಇದನ್ನೇ.

ಟಿಗ್ ಕೋರ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕಲಿಸಿದ್ದು ಚೆನ್ನಾಗಿಯೇ. ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿ, ಅದನ್ನು ತಿರುಗಿಸದೆ ಸುತ್ತ ವೆಲ್ಡ್ ಮಾಡುವ 6ಜಿ ಕೈಗೆ ಬಂತು. ಟಂಗ್‌ಸ್ಟನ್ ತುದಿ ಕರಗಿದ ಲೋಹಕ್ಕೆ ತಾಗಿದರೆ ಮತ್ತೆ ಗ್ರೈಂಡ್ ಮಾಡಬೇಕು. ಆ ಶಿಸ್ತು ಒಳ್ಳೆಯದೇ. ಆದರೆ ಏನೂ ಗೊತ್ತಿಲ್ಲದವನು ಮೊದಲೇ ಇಲ್ಲಿಗೆ ಬಂದರೆ ದುಡ್ಡು ದಂಡ. ಸೆಂಟರ್‌ನವರು "ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್" ಅಂತ ಹೇಳಿದರೆ ಸುಮ್ನೆ ನಕ್ಕುಬಿಡಿ. ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ) ಕೋಡ್ ಪ್ರಕಾರ ಕೆಲಸ ಮಾಡುವ ಕಂಪನಿ ತನ್ನ ವೆಲ್ಡರ್‌ಗಳ ಟೆಸ್ಟ್ ತಾನೇ ತೆಗೆದುಕೊಳ್ಳುತ್ತದೆ. ಆ ಅರ್ಹತೆಯೂ 6 ತಿಂಗಳು ಆ ಪ್ರೊಸೆಸ್ ಮುಟ್ಟದಿದ್ದರೆ ಹೋಗುತ್ತದೆ. ಅಲ್ಲಿ ಲೆಕ್ಕಕ್ಕೆ ಬರೋದು ಕೈ, ಕಾಗದ ಅಲ್ಲ.

ಐಟಿಐ ಕಾಗದದ ಕಥೆ ಬೇರೆ. ಅದಿಲ್ಲದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್‌ಗೆ ಅರ್ಜಿಯನ್ನೂ ಹಾಕೋಕಾಗಲ್ಲ. ಇಲ್ಲಿ ಒಂದು ಎಚ್ಚರ. ವೆಲ್ಡರ್ ಟ್ರೇಡಿಗೆ 8ನೇ ಕ್ಲಾಸ್ ಪಾಸಾಗಿದ್ದರೂ ಸೀಟು ಸಿಗುತ್ತದೆ, ಆದರೆ ರೈಲ್ವೆಯವರು 10ನೇ ಕ್ಲಾಸನ್ನೂ ಕೇಳುತ್ತಾರೆ.

ಎಲ್ಲಿಗೇ ಸೇರಿಸಿ, ಫೀಸು ಕಟ್ಟುವ ಮುಂಚೆ ಒಮ್ಮೆ ಒಳಗೆ ಹೋಗಿ ಸ್ಕ್ರಾಪ್ ಡಬ್ಬ ನೋಡಿ ಬನ್ನಿ. ಅದರಲ್ಲಿ ಬಗ್ಗಿಸಿ ಮುರಿದ ಪಟ್ಟಿಗಳು, ಮಧ್ಯಕ್ಕೆ ಸೀಳಿದ ಪೈಪ್ ತುಂಡುಗಳು ಇದ್ದರೆ ಅಲ್ಲಿ ಕಲಿಸುತ್ತಿದ್ದಾರೆ. ಡಬ್ಬ ಖಾಲಿ ಇದ್ದರೆ ಬೇರೆ ಕಡೆ ನೋಡಿ.