ಜಡ್ಜ್ ರಜೆಯಲ್ಲಿದ್ದ ದಿನವೂ ‘ವಾದ ಮಂಡನೆ’ ಅಂತ ಬಿಲ್: ಗಂಟೆ ಲೆಕ್ಕದ ಲಾ ಫರ್ಮ್‌ಗಳ ಬಗ್ಗೆ ಎಚ್ಚರ

ಕಂಪನಿಗಳಲ್ಲಿ ಲೀಗಲ್ ನೋಡಿಕೊಳ್ಳುವವರು, ಅದರಲ್ಲೂ ನನ್ನ ಹಾಗೆ ಒಬ್ಬರೇ ಇಡೀ ಡಿಪಾರ್ಟ್‌ಮೆಂಟ್ ಆಗಿರುವವರು, ದಯವಿಟ್ಟು ಇದನ್ನು ಓದಿ. ಫರ್ಮ್ ಹೆಸರು ಹಾಕುವುದಿಲ್ಲ. ಹೊಸದೊಂದು ನೋಟಿಸ್‌ಗೆ ಉತ್ತರ ಬರೆಯುತ್ತಾ ಕೂರುವ ಶಕ್ತಿ ನನಗಿಲ್ಲ.

ನಮ್ಮದು ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಂಪನಿ. ಗಿರಾಕಿಯೊಬ್ಬರು 40 ಲಕ್ಷ ಚಿಲ್ಲರೆ ಬಾಕಿ ಉಳಿಸಿಕೊಂಡರು. ಕಮರ್ಷಿಯಲ್ ಕೋರ್ಟಿನಲ್ಲಿ ವಸೂಲಿ ದಾವೆ, ಅಷ್ಟೇ. ಮೇಲಿನವರಿಗೆ ‘ದೊಡ್ಡ ಫರ್ಮೇ’ ಆಗಬೇಕಿತ್ತು. ಮೀಟಿಂಗಿಗೆ ಬಂದ ಪಾರ್ಟ್ನರ್ ನಮ್ಮ ಫೈನಾನ್ಸ್ ಹೆಡ್ ಎದುರಿಗೇ, “ಡಾಕ್ಯುಮೆಂಟ್ಸ್ ಪಕ್ಕಾ ಇವೆ ಮೇಡಂ, 6 ಲಕ್ಷದೊಳಗೆ ಮುಗಿಸ್ತೀವಿ” ಅಂದರು. ಆಮೇಲೆ ಆ ಮನುಷ್ಯನ ಮುಖವನ್ನೇ ನಾವು ನೋಡಿಲ್ಲ. ಕೇಸ್ ನಡೆಸಿದ್ದು ಜೂನಿಯರ್‌ಗಳು. ಬಿಲ್ ಮಾತ್ರ ಪಾರ್ಟ್ನರ್ ರೇಟಿನಲ್ಲಿ.

ಇಶ್ಯೂಸ್ ಫ್ರೇಮ್ ಆಗುವ ಮೊದಲೇ, ಅಂದರೆ ಯಾವ ಅಂಶಗಳ ಮೇಲೆ ವಿಚಾರಣೆ ಅಂತ ಕೋರ್ಟ್ ಗೊತ್ತು ಮಾಡುವ ಮೊದಲೇ, ಬಿಲ್ 9 ಲಕ್ಷ ದಾಟಿತು. ಫೈನಾನ್ಸ್ ಹೆಡ್ ರಿವ್ಯೂ ಮೀಟಿಂಗಿನಲ್ಲಿ ಎಲ್ಲರ ಮುಂದೆ, “ಏನಮ್ಮಾ, ಬರೋ ದುಡ್ಡಿಗೋಸ್ಕರ ಇರೋ ದುಡ್ಡೂ ಹಾಕ್ತಿದ್ದೀವಲ್ಲಾ?” ಅಂದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವತ್ತು ರಾತ್ರಿ ಒಂದೊಂದು ಸಾಲನ್ನೂ ಹಿಡಿದು ಕೂತೆ. ವಕೀಲರ ಸಮಯಕ್ಕೆ 6 ನಿಮಿಷಕ್ಕೊಂದು ಯೂನಿಟ್ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆ ಅನ್ನುವುದು ಗೊತ್ತಿರುವುದೇ. ಆದರೆ ನಾನು ಕಳಿಸಿದ “ಓಕೆ, ಥ್ಯಾಂಕ್ಸ್” ಮೇಲ್ ಓದಲು 18 ನಿಮಿಷ! ಒಂದೇ ಫೋನ್ ಕಾಲ್‌ಗೆ ಮೂವರ ಹೆಸರಲ್ಲಿ ಚಾರ್ಜ್. ಅದರಲ್ಲಿ ಒಬ್ಬರು ಲೈನಿನಲ್ಲಿ ಇರಲೇ ಇಲ್ಲ. ಕ್ಲರ್ಕೇಜ್ (ಗುಮಾಸ್ತರ ಖರ್ಚು) ಬೇರೆ, ಜೆರಾಕ್ಸ್ ಬೇರೆ. ಇಷ್ಟನ್ನು ಹೇಗೋ ನುಂಗಿಕೊಳ್ಳಬಹುದಿತ್ತು.

ಆಮೇಲೆ ಇ-ಕೋರ್ಟ್ಸ್ ಆ್ಯಪ್ ತೆರೆದು, ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ, ತಾರೀಖುಗಳನ್ನು ಬಿಲ್ ಪಕ್ಕ ಇಟ್ಟು ನೋಡಿದೆ. ಬಿಲ್‌ನಲ್ಲಿ “ಮಧ್ಯಂತರ ಅರ್ಜಿ ಮೇಲೆ ವಾದ ಮಂಡನೆ, 4 ಗಂಟೆ” ಅಂತ ಇದೆ. ಅದೇ ತಾರೀಖಿಗೆ ಕೋರ್ಟಿನ ದಾಖಲೆಯಲ್ಲಿ “ಪಿ.ಒ. ಆನ್ ಲೀವ್”. ಜಡ್ಜೇ ರಜೆ! ಪೀಠದ ಮೇಲೆ ಯಾರೂ ಇಲ್ಲ, ಇವರು 4 ಗಂಟೆ ವಾದ ಮಾಡಿದ್ದು ಯಾರ ಮುಂದೆ? ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಅದೇ ತಾರೀಖು. ಅದೇ ಕೇಸ್. ಅದೇ 4 ಗಂಟೆ. ಸಿಗ್ನಲ್‌ನಲ್ಲಿ ನಿಂತ ಆಟೋ ಮೀಟರ್ ಓಡಿದ ಹಾಗೆ ನಮ್ಮ ಬಿಲ್ ಓಡಿತ್ತು.

ಫೋನ್ ಮಾಡಿದೆ. ಮೊದಲ ಉತ್ತರ: “ಸ್ಟ್ಯಾಂಡ್‌ಬೈ ಟೈಮ್ ಮೇಡಂ, ಬೋರ್ಡ್ ನೋಡ್ಕೊಂಡು ಕಾಯ್ತಿದ್ವಿ.” ಬೆಳಗ್ಗೆಯೇ ಕೇಸುಗಳಿಗೆ ಮುಂದಿನ ತಾರೀಖು ಕೊಟ್ಟು ಕಳಿಸಿದ್ದಾರೆ, ನಾಲ್ಕು ಗಂಟೆ ಏನು ಕಾದಿರಿ ಅಂದೆ. “ಅದು ಸಾಫ್ಟ್‌ವೇರ್ ಡಿಫಾಲ್ಟ್ ಟೆಕ್ಸ್ಟ್ ಮೇಡಂ.” ಹಾಗಾದರೆ ತೆಗೆಯಿರಿ ಅಂದೆ. ಆಗ ಬಂತು ನೋಡಿ, “ಇಷ್ಟು ದೊಡ್ಡ ಕ್ಲೈಂಟ್ಸ್ ಇದ್ದಾರೆ ನಮಗೆ, ಯಾರೂ ಹೀಗೆ ಸಾಲು ಸಾಲು ಕೇಳಲ್ಲ.” ಕೇಳುವುದೇ ನನ್ನ ಕೆಲಸ ಅಲ್ವಾ? ಸಂಬಳ ಕೊಟ್ಟು ಇಟ್ಟುಕೊಂಡಿರುವುದು ಇನ್ಯಾತಕ್ಕೆ? 6 ಲಕ್ಷದ ಮಾತು ಎತ್ತಿದರೆ, “ಅದು ಅಂದಾಜು ಅಷ್ಟೇ, ಎಂಗೇಜ್‌ಮೆಂಟ್ ಲೆಟರ್ ನೋಡಿ” ಅಂದರು, ಅಂದರೆ ಕೇಸ್ ಒಪ್ಪಿಸುವಾಗಿನ ಷರತ್ತಿನ ಪತ್ರ.

ಇನ್ನೊಂದು ವಿಷಯ, ನಮ್ಮ ಅಕೌಂಟ್ಸ್ ಹುಡುಗ ಹಿಡಿದದ್ದು. ಬಿಲ್ ಮೇಲೆ 18% ಜಿಎಸ್‌ಟಿ ಸೇರಿಸಿದ್ದರು. ವಕೀಲರ ಫೀಸಿಗೆ ನಮ್ಮಂಥ ಕಂಪನಿಗಳು ರಿವರ್ಸ್ ಚಾರ್ಜ್‌ನಲ್ಲಿ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು, ಫರ್ಮ್ ವಸೂಲಿ ಮಾಡುವ ಹಾಗಿಲ್ಲ. ಕೇಳಿದರೆ “ಟೆಂಪ್ಲೇಟ್ ಮಿಸ್ಟೇಕ್”. ಎಲ್ಲವೂ ಟೆಂಪ್ಲೇಟೇ. ತಪ್ಪಿದ್ದೆಲ್ಲ ಅವರ ಜೇಬಿನ ಕಡೆಗೇ ಯಾಕೆ ತಪ್ಪುತ್ತದೋ!

ಸಾಕು, ವಕೀಲರನ್ನು ಬದಲಾಯಿಸೋಣ ಅಂದರೆ, ಬಾಕಿ ಪೂರ್ತಿ ಕಟ್ಟುವ ತನಕ ಎನ್‌ಒಸಿಯೂ (ಬೇರೆ ವಕೀಲರನ್ನು ಇಟ್ಟುಕೊಳ್ಳಲು ಒಪ್ಪಿಗೆ ಪತ್ರ) ಇಲ್ಲ, ಫೈಲೂ ಇಲ್ಲ ಅಂದರು. ಇದು ಶುದ್ಧ ಬೆದರಿಕೆ. ಫೀಸ್ ಬಾಕಿ ಇದೆ ಅಂತ ಕಕ್ಷಿದಾರರ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ರಲ್ಲೇ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಹೇಳಿದೆ. ಫೀಸ್ ಬೇಕಿದ್ದರೆ ಬೇರೆ ದಾವೆ ಹಾಕಲಿ. ಮೇಲ್‌ನಲ್ಲಿ ಆ ತೀರ್ಪು ಲಗತ್ತಿಸಿ, ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡುತ್ತೇನೆ ಅಂತ ಬರೆದೆ. ಅಲ್ಲಿಯವರೆಗೆ ‘ಡಿಯರ್ ಮೇಡಂ’ ಅನ್ನುತ್ತಿದ್ದವರ ಉತ್ತರ ಒಂದೇ ಸಾಲು: “ಯಾರನ್ನಾದ್ರೂ ಕಳಿಸಿ, ಕಲೆಕ್ಟ್ ಮಾಡ್ಕೊಳ್ಳಿ.”

ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತ ಸುಮ್ನೆ ಹೆದರಿಸಬೇಡಿ, ನಡೆಯಲ್ಲ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅದು ಅವರಿಗೂ ಚೆನ್ನಾಗಿ ಗೊತ್ತು.

ಹಂತಕ್ಕಿಷ್ಟು ಅಂತ ಫೀಸ್ ಗೊತ್ತು ಮಾಡಿ, ಇಲ್ಲಾಂದ್ರೆ ಮಿತಿ ಹಾಕಿ. ಮುಂದೂಡಿದ ದಿನಕ್ಕೆ ದುಡ್ಡಿಲ್ಲ ಅಂತ ಬರೆಸಿಕೊಳ್ಳಿ. ಯಾರು ಕೋರ್ಟಿಗೆ ಹೋಗುತ್ತಾರೆ ಅನ್ನುವುದನ್ನೂ ಬರೆಸಿ, ಸೂಟು ಹಾಕಿಕೊಂಡು ಮೀಟಿಂಗಿಗೆ ಬರುವವರನ್ನಲ್ಲ. ಪ್ರತಿ ಬಿಲ್ಲಿಗೂ ಇ-ಕೋರ್ಟ್ಸ್ ತೆರೆಯಿರಿ. ಪ್ರತಿ ಬಿಲ್ಲಿಗೂ!

ಫೈಲ್ ಬಂದಿದೆ. ಸರಕು ತಲುಪಿಸಿದ್ದಕ್ಕೆ ಪುರಾವೆಯಾದ ಅಸಲು ಡೆಲಿವರಿ ಚಲನ್‌ಗಳು ಅದರಲ್ಲಿಲ್ಲ. “ಸ್ಟೋರ್ ರೂಮಲ್ಲಿ ಹುಡುಕ್ತಿದ್ದೀವಿ ಮೇಡಂ” ಅನ್ನುತ್ತಿದ್ದಾರೆ. ಹೊಸ ವಕೀಲರು ಸಾಕ್ಷಿಗೆ ಮೊದಲು ಅವು ಬೇಕೇ ಬೇಕು ಅಂತ ಕೂತಿದ್ದಾರೆ. ದೂರು ಟೈಪ್ ಆಗಿದೆ, ಸೋಮವಾರ ಕೊಟ್ಟು ಬರುತ್ತೇನೆ.